ಇಬ್ಬರೇ ಹೊರಟಾಗ: ಯೂಟಾ–ಅರಿಜೋನಾದ ಮರುಭೂಮಿ ದಾರಿ

ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು ಝಯಾನ್, ಬ್ರೈಸ್, ಮೋಆಬ್, ಮಾನ್ಯುಮೆಂಟ್ ವ್ಯಾಲಿ, ಪೇಜ್, ಗ್ರ್ಯಾಂಡ್ ಕ್ಯಾನ್ಯನ್ ಸುತ್ತಿ ಮರಳಿ ಅಲ್ಲಿಗೇ ಬಂದರೆ ಸುಮಾರು 2,000 ಕಿಲೋಮೀಟರ್ ಆಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ದಂಪತಿಗಳು ರಜೆ ಸಿಕ್ಕಾಗ ಹೊರಡುವ ದಾರಿಗಳಲ್ಲಿ ಇದೂ ಒಂದು. ಮಕ್ಕಳ ಮನೆಗೆಂದು ಊರಿನಿಂದ ಬಂದ ಅಪ್ಪ-ಅಮ್ಮಂದಿರೂ ಆಸೆಪಡುವ ದಾರಿ. ರಸ್ತೆ ನುಣುಪಾಗಿದೆ, ವಾಹನ ಕಡಿಮೆ. ನಕ್ಷೆ ನೋಡಿದರೆ ನಾಲ್ಕು ದಿನಕ್ಕೆ ಮುಗಿಯುತ್ತದೆ ಅನ್ನಿಸುತ್ತದೆ. ನನ್ನ ಪ್ರಕಾರ ಎಂಟು ದಿನ ಬೇಕು. ಇಲ್ಲಿ ದಿನದ ಲೆಕ್ಕವನ್ನು ಬಿಸಿಲು ಮತ್ತು ನೀರು ಹಾಕುತ್ತವೆ, ಕಿಲೋಮೀಟರ್‌ಗಳಿಗೆ ಅಲ್ಲಿ ಎರಡನೇ ಸ್ಥಾನ.

ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿಯನ್ನು ಸಿಯೆರಾ ನೆವಾಡಾ ಪರ್ವತಸಾಲು ತಡೆದು ಮಳೆಯ ಬಹುಪಾಲನ್ನು ತನ್ನ ಮೇಲೆಯೇ ಸುರಿಸಿಕೊಳ್ಳುತ್ತದೆ. ಅದರಾಚೆಗಿನ ಸೀಮೆ ಒಣಗಿದ್ದು ಹಾಗೆ. ಆ ಒಣ ಸೀಮೆಯಲ್ಲೇ ಕೊಲರಾಡೊ ಪ್ರಸ್ಥಭೂಮಿ ಕೋಟ್ಯಂತರ ವರ್ಷ ಮೇಲೇಳುತ್ತಾ ಹೋಯಿತು. ನದಿಗಳು ಕೆಳಕ್ಕೆ ಕೊರೆಯುತ್ತಾ ಹೋದವು. ಗ್ರ್ಯಾಂಡ್ ಕ್ಯಾನ್ಯನ್ 446 ಕಿ.ಮೀ. ಉದ್ದ, ಸುಮಾರು ಒಂದೂವರೆ ಕಿ.ಮೀ. ಆಳ. ತಳದ ಕಪ್ಪು ಬಂಡೆಯ ವಯಸ್ಸು ಸುಮಾರು 170 ಕೋಟಿ ವರ್ಷ, ಅದರ ಹೆಸರು ವಿಷ್ಣು ಶಿಸ್ಟ್. ಕಮರಿಯ ನಡುವೆ ನಿಂತ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್ ಎಂದು ಹೆಸರಿಟ್ಟವನು ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ, 19ನೇ ಶತಮಾನದ ಕೊನೆಯಲ್ಲಿ. ದಕ್ಷಿಣದ ಅಂಚಿನಲ್ಲಿ ನಿಂತು ಫಲಕದ ಮೇಲೆ ಆ ಹೆಸರು ಓದುವಾಗ ನಮ್ಮವರಿಗೆ ಆಗುವ ಪುಳಕವೇ ಬೇರೆ.

ಹೋಗುವ ಕಾಲ ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ-ಆಗಸ್ಟ್‌ನಲ್ಲಿ ತಗ್ಗಿನ ಜಾಗಗಳು 40 ಡಿಗ್ರಿ ದಾಟುತ್ತವೆ, ಮಧ್ಯಾಹ್ನ ಗುಡುಗು-ಮಳೆಯೂ ಬರುತ್ತದೆ. ಚಳಿಗಾಲದಲ್ಲಿ ಎತ್ತರದ ದಾರಿಗಳಲ್ಲಿ ಹಿಮ. ಮರುಭೂಮಿ ಎಂದರೆ ಸೆಕೆ ಎಂದು ಹತ್ತಿ ಬಟ್ಟೆ ಮಾತ್ರ ತುಂಬಿಕೊಂಡು ಹೋದವರು ಬ್ರೈಸ್‌ನಲ್ಲಿ ನಡುಗುತ್ತಾರೆ. ಅದು 2,400 ಮೀಟರ್‌ಗಿಂತ ಎತ್ತರದಲ್ಲಿದೆ, ಮೇ ತಿಂಗಳ ರಾತ್ರಿಯಲ್ಲೂ ನೀರು ಹೆಪ್ಪುಗಟ್ಟಬಹುದು. ಅಲ್ಲಿನ ಕಲ್ಲಿನ ಕಂಬಗಳನ್ನು ಕಡೆದದ್ದೂ ಅದೇ ಚಳಿ: ಹಗಲು ಬಿರುಕಿಗೆ ಇಳಿದ ನೀರು ರಾತ್ರಿ ಮಂಜುಗಡ್ಡೆಯಾಗಿ ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಜೊತೆಗಿರಲಿ.

ಇನ್ನು ಕಾರು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರನ್ನೂ ಬರೆಸಿ. ಗಂಡ ಅಥವಾ ಹೆಂಡತಿ ಎರಡನೇ ಚಾಲಕರಾದರೆ ಹಲವು ಕಂಪನಿಗಳು ಹೆಚ್ಚಿನ ಹಣ ಕೇಳುವುದಿಲ್ಲ. ಆದರೆ ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡಬಹುದು. ಡಾಂಬರಿಲ್ಲದ ರಸ್ತೆಗೆ ಕಾರು ಇಳಿಸಬಾರದೆಂಬ ಷರತ್ತೂ ಸಾಮಾನ್ಯ. ಮಾನ್ಯುಮೆಂಟ್ ವ್ಯಾಲಿಯೊಳಗಿನ 27 ಕಿ.ಮೀ. ಸುತ್ತು ಮಣ್ಣಿನದು, ಅಲ್ಲಿ ಮೂಲನಿವಾಸಿ ನವಾಹೊ ಜನಾಂಗದ ಮಾರ್ಗದರ್ಶಿಯ ಜೀಪಿನಲ್ಲಿ ಹೋಗುವುದೇ ಮೇಲು, ಅವರು ಹೇಳುವ ಕಥೆಗಳೂ ಸಿಗುತ್ತವೆ. ಭಾರತದಿಂದ ಬಂದವರು ಹೊರಡುವ ಮೊದಲು ಆರ್‌ಟಿಓದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡರೆ ನೆಮ್ಮದಿ. ಮೂಲ ಪರವಾನಗಿಯೂ ಜೊತೆಗಿರಬೇಕು.

ಪೆಟ್ರೋಲ್ ವಿಷಯದಲ್ಲಿ ನಿಯಮ ಒಂದೇ: ಅರ್ಧ ಟ್ಯಾಂಕ್‌ಗೆ ಇಳಿಯಿತೆಂದರೆ ಮುಂದಿನ ಬಂಕ್‌ನಲ್ಲಿ ತುಂಬಿಸುವುದು. ಯೂಟಾದಲ್ಲಿ 70ನೇ ಅಂತರರಾಜ್ಯ ಹೆದ್ದಾರಿಯ ಮೇಲೆ ಸಲೈನಾ ಊರಿನಿಂದ ಗ್ರೀನ್ ರಿವರ್‌ವರೆಗೆ ಸುಮಾರು 170 ಕಿ.ಮೀ. ಬಂಕ್ ಇಲ್ಲ, ಅಂಗಡಿ ಇಲ್ಲ, ಹೋಟೆಲ್ ಇಲ್ಲ. ಬ್ರೈಸ್‌ನಿಂದ ಮೋಆಬ್‌ಗೆ ಆ ದಾರಿ ಹಿಡಿದರೆ ಸಲೈನಾದಲ್ಲೇ ತುಂಬಿಸಿ. ಬಂಕ್‌ನ ಯಂತ್ರ ಕಾರ್ಡ್ ಉಜ್ಜಿದಾಗ ಐದಂಕಿಯ ಅಮೆರಿಕದ ಪಿನ್‌ಕೋಡ್ ಕೇಳುತ್ತದೆ. ಭಾರತದ ಕಾರ್ಡ್ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಒಳಗೆ ಗಲ್ಲಾಪೆಟ್ಟಿಗೆಗೆ ಹೋಗಿ, ಪಂಪಿನ ನಂಬರ್ ಹೇಳಿ, ಮೊದಲೇ ಹಣ ಕಟ್ಟಿ ಬಂದು ತುಂಬಿಸಿಕೊಳ್ಳಬೇಕು. ಫೋನಿನ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ. ಇಡೀ ಪ್ರದೇಶದ ನಕ್ಷೆಯನ್ನು ಹಿಂದಿನ ರಾತ್ರಿಯೇ ಇಬ್ಬರ ಫೋನಿಗೂ ಇಳಿಸಿಕೊಳ್ಳಿ, ಕಾಗದದ ನಕ್ಷೆಯೊಂದು ಡ್ಯಾಶ್‌ಬೋರ್ಡಿನಲ್ಲಿರಲಿ.

ಗಡಿಯಾರದ ಗೊಂದಲ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಅಮೆರಿಕದ ಹೆಚ್ಚಿನ ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಯೂಟಾ ಇಡುತ್ತದೆ, ಅರಿಜೋನಾ ಇಡುವುದಿಲ್ಲ. ಆದರೆ ಬಹುಪಾಲು ಅರಿಜೋನಾದೊಳಗೇ ಇರುವ ನವಾಹೊ ನೇಷನ್, ಅಂದರೆ ನವಾಹೊ ಜನರ ಸ್ವಾಡಳಿತದ ಸೀಮೆ, ಇಡುತ್ತದೆ! ಮಾನ್ಯುಮೆಂಟ್ ವ್ಯಾಲಿ ನವಾಹೊ ನೆಲ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಹೊರಟು ಎರಡು ಗಂಟೆ ಓಡಿಸಿ ಅರಿಜೋನಾದ ಸಮಯ ಪಾಲಿಸುವ ಪೇಜ್ ಊರು ಮುಟ್ಟಿದರೆ ಅಲ್ಲಿ ಒಂಬತ್ತೇ ಆಗಿರುತ್ತದೆ. ಪೇಜ್ ಇರುವುದು ಯೂಟಾ ಗಡಿಯ ಪಕ್ಕದಲ್ಲಿ. ಹೀಗಾಗಿ ಒಬ್ಬರ ಫೋನ್ ಯೂಟಾದ ಟವರ್ ಹಿಡಿದು ಹತ್ತು ಎನ್ನುತ್ತದೆ, ಪಕ್ಕದಲ್ಲಿ ಕೂತವರದು ಒಂಬತ್ತು ಎನ್ನುತ್ತದೆ. ಪೇಜ್ ಬಳಿಯ ಆಂಟೆಲೋಪ್ ಕಮರಿಯ ಟಿಕೆಟ್ ಕಾಯ್ದಿರಿಸಿದ್ದರೆ ಅದು ಯಾವ ಸಮಯ ಎಂದು ಕೇಳಿ ಖಚಿತ ಮಾಡಿಕೊಳ್ಳಿ, ಫೋನಿನ ಸ್ವಯಂಚಾಲಿತ ಸಮಯ ನಿಲ್ಲಿಸಿ, ಸಾಧ್ಯವಾದರೆ ಕೈಗಡಿಯಾರ ಕಟ್ಟಿ.

ಆಂಟೆಲೋಪ್ ಕೂಡ ನವಾಹೊ ನೆಲವೇ; ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ. ಇದಕ್ಕೆ ಕಾರಣ ತಿಳಿಯಬೇಕಾದರೆ ಮರುಭೂಮಿಯಲ್ಲಿ ನೆರೆ ಹೇಗೆ ಬರುತ್ತದೆಂದು ತಿಳಿಯಬೇಕು. ಮಲೆನಾಡಿನಲ್ಲಿ ಬಿದ್ದ ಮಳೆಯನ್ನು ಕಾಡು, ತರಗೆಲೆ, ಮಣ್ಣು ಹೀರುತ್ತವೆ. ಇಲ್ಲಿ ಹೀರುವುದಕ್ಕೆ ಏನೂ ಇಲ್ಲ. ಬೋಳು ಬಂಡೆಯ ಮೇಲೆ ಅರ್ಧ ಗಂಟೆ ಸುರಿದದ್ದೆಲ್ಲ ಜಾರಿ ಹಳ್ಳಕ್ಕೆ, ಹಳ್ಳದಿಂದ ಕಮರಿಗೆ ನುಗ್ಗುತ್ತದೆ. ಕಮರಿ ಕೆಲವೆಡೆ ಎರಡು ತೋಳು ಚಾಚಿದಷ್ಟೂ ಅಗಲವಿಲ್ಲ. ಅಷ್ಟು ನೀರಿಗೆ ಮೇಲೇರುವುದು ಬಿಟ್ಟರೆ ದಾರಿಯಿಲ್ಲ. 1997ರ ಆಗಸ್ಟ್ 12ರಂದು ಕೆಳ ಆಂಟೆಲೋಪ್ ಕಮರಿಯಲ್ಲಿ 11 ಪ್ರವಾಸಿಗರು ಸತ್ತರು. ಅವರ ತಲೆಯ ಮೇಲೆ ಮಳೆಯೇ ಇರಲಿಲ್ಲ ಎನ್ನಬಹುದು. ಸುರಿದದ್ದು ಹಲವು ಕಿಲೋಮೀಟರ್ ಮೇಲ್ಭಾಗದಲ್ಲಿ. 2015ರ ಸೆಪ್ಟೆಂಬರ್‌ನಲ್ಲಿ ಝಯಾನ್‌ನ ಕೀಹೋಲ್ ಕಮರಿಯಲ್ಲಿ ಏಳು ಮಂದಿ ಹೀಗೆಯೇ ಹೋದರು.

ಆದ್ದರಿಂದ ತಲೆಯ ಮೇಲಿನ ಆಕಾಶವನ್ನು ನಂಬಬೇಡಿ. ಝಯಾನ್‌ನ ಮಾಹಿತಿ ಕೇಂದ್ರದಲ್ಲಿ ಆ ದಿನದ ನೆರೆಯ ಸಾಧ್ಯತೆಯನ್ನು ನಾಲ್ಕು ಹಂತಗಳಲ್ಲಿ ಬರೆದು ಹಾಕುತ್ತಾರೆ. ಅದನ್ನು ಓದದೆ ನದಿಯೊಳಗೇ ನಡೆಯುವ ನ್ಯಾರೋಸ್ ದಾರಿಗೆ ಇಳಿಯಕೂಡದು. ಒಳಗಿದ್ದಾಗ ತಿಳಿನೀರು ಕೆಂಪಗೆ ಕದಡಿದರೆ, ಕಡ್ಡಿ-ಎಲೆ ತೇಲಿ ಬಂದರೆ, ಮೇಲಿನಿಂದ ಮೊರೆತ ಕೇಳಿದರೆ ಕ್ಯಾಮೆರಾ ಬಿಟ್ಟು ಎತ್ತರದ ಕಟ್ಟೆ ಹತ್ತಿ. ಓಡಿ ನೀರನ್ನು ಸೋಲಿಸಲು ಆಗುವುದಿಲ್ಲ.

ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್. ಒಣ ಗಾಳಿಗೆ ಬೆವರು ಚರ್ಮದ ಮೇಲೆ ನಿಲ್ಲದೆ ಆರುತ್ತದೆ; ಅಂಗಿ ಒದ್ದೆಯಾಗದ ಕಾರಣ ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಆದರೆ ಬರೀ ನೀರು ಕುಡಿದು ಏನನ್ನೂ ತಿನ್ನದಿರುವುದೂ ಅಪಾಯ: ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಮಂಕು ಕವಿಯುತ್ತದೆ. ಚಕ್ಕುಲಿ, ಖಾರದ ಅವಲಕ್ಕಿ, ಉಪ್ಪು ಹಾಕಿದ ನಿಂಬೆ ಪಾನಕ, ಓಆರ್‌ಎಸ್ ಪೊಟ್ಟಣ ಇಲ್ಲಿ ಔಷಧಿಗೆ ಸಮ. ಸಣ್ಣ ಊರುಗಳಲ್ಲಿ ಸಸ್ಯಾಹಾರ ಎಂದರೆ ಚೀಸ್ ಪಿಜ್ಜಾ, ಆಲೂಗಡ್ಡೆ. ವೇಗಸ್‌ನ ಭಾರತೀಯ ಅಂಗಡಿಯಲ್ಲಿ ದಿನಸಿ ಕೊಂಡು, ಥರ್ಮೋಕೋಲ್ ಡಬ್ಬಿಯಲ್ಲಿ ಮೊಸರಿಟ್ಟು, ಪುಟ್ಟ ಅನ್ನದ ಕುಕ್ಕರ್ ಒಯ್ದರೆ ಮೊಸರನ್ನದ ಊಟಕ್ಕೆ ಕೊರತೆಯಿಲ್ಲ.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೆಳಗಿಳಿದಂತೆ ಸೆಕೆ ಏರುತ್ತದೆ, 300 ಮೀಟರಿಗೆ ಸುಮಾರು ಮೂರು ಡಿಗ್ರಿ. ಬೆಟ್ಟ ಹತ್ತಿ ಇಳಿಯುವವರಿಗೆ ಕಷ್ಟ ಮೊದಲು ಬರುತ್ತದೆ, ಸುಲಭ ಕೊನೆಗೆ. ಇಲ್ಲಿ ತಿರುಗುಮುರುಗು: ತಂಪು ಬೆಳಗಿನಲ್ಲಿ ಹಗುರಾಗಿ ಇಳಿದವರು ಸುಡುವ ಹೊತ್ತಿನಲ್ಲಿ ಏರಬೇಕು, ಏರಲು ಇಳಿದದ್ದರ ಎರಡರಷ್ಟು ಸಮಯ ಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಒಳದಾರಿಯಲ್ಲಿ ನಡೆಯಬೇಡಿ ಎಂದು ಉದ್ಯಾನದವರು ಹೇಳುವುದು ಇದಕ್ಕೇ. ಬ್ರೈಟ್ ಏಂಜಲ್ ದಾರಿಯಲ್ಲಿ ಎರಡೂವರೆ ಕಿ.ಮೀ. ಕೆಳಗಿರುವ ಮೊದಲ ತಂಗುಮನೆ ಮುಟ್ಟಿ ಹಿಂತಿರುಗಿದರೂ ಕಮರಿಯ ಒಳಗನ್ನು ಕಂಡ ತೃಪ್ತಿ ಇರುತ್ತದೆ.

ಇಬ್ಬರೇ ಹೋಗುವವರು ಒಂದು ಮಾತು ಮೊದಲೇ ಆಡಿಕೊಳ್ಳಬೇಕು: ಯಾರು ಮೊದಲು ಸಾಕು ಎನ್ನುತ್ತಾರೋ ಅಲ್ಲಿಂದ ಇಬ್ಬರೂ ಹಿಂದಿರುಗುವುದು, ವಾದವಿಲ್ಲದೆ. ಬಿಸಿಲಿನ ಹೊಡೆತ ಮೊದಲು ಕೆಡಿಸುವುದು ತೀರ್ಮಾನ ಮಾಡುವ ಶಕ್ತಿಯನ್ನೇ. ಪೆಟ್ಟು ತಿಂದವರು ನನಗೇನೂ ಆಗಿಲ್ಲ ಎನ್ನುತ್ತಲೇ ಇರುತ್ತಾರೆ. ಮಾತು ತೊದಲಿದ್ದು, ಹೆಜ್ಜೆ ತಪ್ಪಿದ್ದು, ಸುಮ್ಮನೆ ರೇಗಿದ್ದು ಕಾಣಿಸುವುದು ಜೊತೆಗಿರುವವರಿಗೆ ಮಾತ್ರ. ಬೇರೆ ಬೇರೆ ವೇಗದಲ್ಲಿ ನಡೆದು ಒಬ್ಬರನ್ನೊಬ್ಬರು ಕಳೆದುಕೊಳ್ಳುವುದಂತೂ ಇಲ್ಲಿ ಕೂಡದು.

ಖರ್ಚಿನಲ್ಲಿ 2026ರಿಂದ ದೊಡ್ಡ ಬದಲಾವಣೆಯಾಗಿದೆ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಪಾಸಿಲ್ಲದ ಹೊರದೇಶದವರು ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್ ಸೇರಿದಂತೆ 11 ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ ಕಟ್ಟಬೇಕು. ಊರಿನಿಂದ ಬಂದ ದಂಪತಿಗೆ ಪಾಸೇ ಅಗ್ಗ. ಆದರೆ ನವಾಹೊ ಜಾಗಗಳಲ್ಲಿ ಆ ಪಾಸ್ ನಡೆಯದು, ಅಲ್ಲಿ ಬೇರೆ ಟಿಕೆಟ್. ನವಾಹೊ ನೆಲದಲ್ಲಿ ಮದ್ಯವೂ ನಿಷಿದ್ಧ.

ದಾರಿಯಲ್ಲಿ ಧೂಳಿನ ಬಿರುಗಾಳಿ ಎದುರಾದರೆ ಅರಿಜೋನಾದ ಸಾರಿಗೆ ಇಲಾಖೆ ಹೇಳುವುದು ನಮಗೆ ವಿಚಿತ್ರವೆನಿಸಬಹುದು: ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಇಳಿದು ನಿಂತು ಎಲ್ಲ ದೀಪ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕಿನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಮುಂದೆ ರಸ್ತೆಯಿದೆ ಎಂದು ಅದನ್ನೇ ನೋಡಿಕೊಂಡು ಬಂದು ಗುದ್ದುತ್ತಾರೆ. ಕತ್ತಲಾದ ಮೇಲೆ ಓಡಿಸಬೇಡಿ. ನವಾಹೊ ಸೀಮೆಯಲ್ಲಿ ದನ-ಕುದುರೆ, ಗ್ರ್ಯಾಂಡ್ ಕ್ಯಾನ್ಯನ್ ಸುತ್ತ ಎಲ್ಕ್ ಎಂಬ ಭಾರಿ ಜಿಂಕೆ ರಸ್ತೆಗೆ ಬಂದು ನಿಲ್ಲುತ್ತವೆ. ಸೂರ್ಯಾಸ್ತ ನೋಡುವ ದಿನ ಪಕ್ಕದ ಟುಸಾಯನ್‌ನಲ್ಲೇ ಉಳಿದುಕೊಳ್ಳಿ. ಮರುದಿನ ಬೆಳಿಗ್ಗೆ ಏಳಕ್ಕೆ ಬಿಟ್ಟರೆ ವೇಗಸ್‌ಗೆ 450 ಕಿ.ಮೀ., ನಡುವೆ ಕಿಂಗ್‌ಮನ್‌ನಲ್ಲಿ ಕಾಫಿ ಕುಡಿದರೂ ಮಧ್ಯಾಹ್ನದ ಊಟಕ್ಕೆ ಸೇರಬಹುದು. ಬೇಸಿಗೆಯಲ್ಲಿ ಈ ಕೊನೆಯ ಹಾದಿಯಲ್ಲಿ ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ.