ಉಪ್ಪಿನ ಗಣಿಯ ಮೇಲೊಂದು ಮೋಟಾರು ನಗರ

ಪ್ರಪಂಚಕ್ಕೆಲ್ಲ ಮೋಟಾರು ಕಾರುಗಳನ್ನು ತಯಾರಿಸಿ ಒದಗಿಸಿದ ಅಮೆರಿಕದ ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ಆ ಕಾರುಗಳ ಪರಮವೈರಿಯಾದ ಉಪ್ಪು, ಪುರಾತನ ಸಮುದ್ರವೊಂದು ಬತ್ತಿಹೋದ ಕಾಲದಿಂದಲೂ ಪದರ ಪದರವಾಗಿ ಮಲಗಿರುವುದನ್ನು ವಿಧಿಯ ವಿನೋದವೆನ್ನದೆ ಬೇರೇನೆನ್ನಬಹುದು? 1906ರಲ್ಲಿ ತೋಡಲಾರಂಭಿಸಿದ ಆ ಗಣಿಯ ಬಾಯಿ ಎಷ್ಟು ಕಿರಿದೆಂದರೆ, ಒಳಗೆ ದುಡಿಯಬೇಕಾದ ಲಾರಿಗಳನ್ನೂ ಯಂತ್ರಗಳನ್ನೂ ಮೇಲೆಯೇ ಬಿಡಿಬಿಡಿಯಾಗಿ ಕಳಚಿ, ಕೆಳಗಿಳಿಸಿ, ಉಪ್ಪಿನ ಗೋಡೆಗಳ ನಡುವೆ ಮರಳಿ ಜೋಡಿಸಬೇಕಾಗುತ್ತಿತ್ತು.

ಆರಂಭದಲ್ಲಿ ಈ ಉಪ್ಪು ಚರ್ಮ ಹದಮಾಡುವವರಿಗೂ ಆಹಾರ ತಯಾರಕರಿಗೂ ಸಲ್ಲುತ್ತಿತ್ತು. ಹಿಮ ಕರಗಿಸಲು ಅದನ್ನು ರಸ್ತೆಗೆ ಚೆಲ್ಲುವ ಪದ್ಧತಿ ಇನ್ನೂ ಬೇರೂರಿರಲಿಲ್ಲ; ಆ ಸೀಮೆಯಲ್ಲಿ ಹಿಮವನ್ನು ಕರಗಿಸುವುದಕ್ಕಿಂತ ರೋಲರಿನಿಂದ ಒತ್ತಿ ಗಟ್ಟಿಮಾಡಿ, ಅದರ ಮೇಲೆ ಜಾರುಬಂಡಿ ಓಡಿಸುವುದೇ ಹಿಂದಿನ ರೂಢಿ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವು ನಗರಗಳು ಬೀದಿಗೆ ಉಪ್ಪು ಚೆಲ್ಲಿದಾಗ, ಜಾರುಬಂಡಿಯವರೂ ಪಾದರಕ್ಷೆ ಕೆಟ್ಟಿತೆಂದು ಪಾದಚಾರಿಗಳೂ ಕೂಗೆಬ್ಬಿಸಿದ್ದುಂಟು. ಆ ಕೂಗಿಗೆ ಕಿವಿಗೊಡುವ ವ್ಯವಧಾನ ಮೋಟಾರು ಯುಗಕ್ಕಿರಲಿಲ್ಲ. 1938ರಲ್ಲಿ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು ಹೆದ್ದಾರಿಗಳಲ್ಲಿ ಉಪ್ಪಿನ ಪ್ರಯೋಗ ಮಾಡಿತು. ಮಹಾಯುದ್ಧಾನಂತರ, ಚಳಿಗಾಲದಲ್ಲಿಯೂ ರಸ್ತೆ ಕರಿದಾಗಿಯೇ ಇರತಕ್ಕದ್ದೆಂಬ ಹಠ ಬಲಿತು, ಈಗ ಆ ದೇಶ ವರ್ಷವೊಂದಕ್ಕೆ ಕೋಟಿಗೂ ಮೀರಿದ ಟನ್ ಉಪ್ಪನ್ನು ರಸ್ತೆಗೆ ಸುರಿಯುತ್ತಿದೆ.

ಉಪ್ಪು ತಾನಾಗಿ ಕಬ್ಬಿಣವನ್ನು ಭಕ್ಷಿಸುವುದಿಲ್ಲ. ನೀರಿನಲ್ಲಿ ಕರಗಿ ವಿದ್ಯುತ್ಪ್ರವಾಹಕ್ಕೆ ದಾರಿಮಾಡಿಕೊಟ್ಟು ತುಕ್ಕಿನ ಕ್ರಿಯೆಯನ್ನು ತ್ವರಿತಗೊಳಿಸುತ್ತದೆ. ಕಾರಿನ ತಳಕ್ಕೆ ಡಾಂಬರಿನಂಥ ಲೇಪವನ್ನು ದಪ್ಪಗೆ ಬಳಿದರೆ ಸಾಕೆಂದು ಬಹುಕಾಲ ನಂಬಿದ್ದರು. ಆ ಲೇಪವಾದರೋ ಬಿರುಕುಬಿಟ್ಟು, ಬಿರುಕಿನೊಳಗೆ ಉಪ್ಪುನೀರನ್ನು ಹಿಡಿದಿಟ್ಟುಕೊಂಡು, ರಕ್ಷಕನ ವೇಷದಲ್ಲಿಯೇ ಭಕ್ಷಕನಾಗುತ್ತಿತ್ತು.

ಈ ಭ್ರಾಂತಿಯನ್ನು ಬಿಡಿಸಿದವರಲ್ಲಿ ಮುಖ್ಯನೊಬ್ಬನು ಅದೇ ಡೆಟ್ರಾಯಿಟ್‌ನಲ್ಲಿ ಬಂದು ನೆಲಸಿದ ಜರ್ಮನ್ ಮೆಕ್ಯಾನಿಕ್ ಕುರ್ಟ್ ಜೀಬಾರ್ಟ್. ಗೆದ್ದಲು ಹಿಡಿದ ತೊಲೆಯಂತೆ ಹೊರಗೆ ಅಖಂಡವಾಗಿ ಕಾಣುತ್ತಲೇ ಕಾರು ಒಳಗಿನಿಂದ ಟೊಳ್ಳಾಗುತ್ತದೆ, ಆದಕಾರಣ ಚಿಕಿತ್ಸೆಯೂ ಒಳಗಿನಿಂದಲೇ ನಡೆಯತಕ್ಕದ್ದು ಎಂಬುದು ಅವನ ಪದ್ಧತಿಯ ತಿರುಳು. ಬಾಗಿಲ ಕೆಳಗಿನ ಪೊಟರೆಗಳಿಗೆ, ಮುಚ್ಚಿದ ತೊಲೆಗಳಿಗೆ, ಕೈಯೂ ಕಣ್ಣೂ ತಲುಪದ ಸಂದುಗಳಿಗೆ ಸಣ್ಣ ರಂಧ್ರ ಕೊರೆದು, ನೀಳವಾದ ನಳಿಕೆಯನ್ನು ತೂರಿಸಿ ರಕ್ಷಕದ್ರವವನ್ನು ಸಿಂಪಡಿಸಿ, ರಂಧ್ರಕ್ಕೆ ಬಿರಡೆಯಿಡುವ ಆ ಕಸುಬು 1959ರಲ್ಲಿ ವ್ಯಾಪಾರವಾಗಿ ನಿಂತಿತು. ಹೊಸ ಕಾರಿನ ಮೈಗೆ ತೂತು ಕೊರೆದು ಅದರ ಆಯುಸ್ಸನ್ನು ಹೆಚ್ಚಿಸುವ ಆ ಸಾಹಸದಲ್ಲಿ, ಲೋಹದ ಅಂತರಂಗವನ್ನು ಬಲ್ಲ ಕುಶಲಕರ್ಮಿಯ ದಿಟ್ಟತನವಿತ್ತು.

ಅನಂತರ ಕಾರ್ಖಾನೆಗಳೇ ಕಾರಿನ ಇಡೀ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ಬಣ್ಣವನ್ನು ಅಂಟಿಸತೊಡಗಿದವು; ಸತುವು ಲೇಪಿಸಿದ ಉಕ್ಕು ಬಂದಿತು; ರಂಧ್ರ ಕೊರೆಯುವ ಕಸುಬು ಹಿಂದೆ ಸರಿಯಿತು. ಕುಶಲಕರ್ಮಿ ಮರೆಯಾದರೂ ತುಕ್ಕು ಮರೆಯಾಗಲಿಲ್ಲ. 2008ರಲ್ಲಿ ಟೊಯೊಟಾ ಕಂಪನಿಯು 1995ರಿಂದ 2000ರವರೆಗಿನ ಟಕೋಮ ವಾಹನಗಳ ಚಾಸಿಗೆ 15 ವರ್ಷಗಳ ತುಕ್ಕಿನ ಹೊಣೆಯನ್ನು ಹೊರಬೇಕಾಯಿತು. ಚಳಿಗಾಲಕ್ಕೆ ಮುನ್ನ ತಳಕ್ಕೆ ಎಣ್ಣೆಯನ್ನೋ ಕುರಿಯುಣ್ಣೆಯ ಜಿಡ್ಡಿನಿಂದಾದ ಲೇಪವನ್ನೋ ಸಿಂಪಡಿಸಿ, ಬ್ರೇಕಿನ ಪೈಪುಗಳನ್ನು ಪರೀಕ್ಷಿಸಿ, ನೀರು ಬಸಿಯುವ ಕಂಡಿಗಳನ್ನು ತೆರವಾಗಿಟ್ಟು, ಆಗಾಗ್ಗೆ ತಳ ತೊಳೆಸುವುದು ಆ ಸೀಮೆಯವರಿಗೆ ಇಂದಿಗೂ ತಪ್ಪಿದ್ದಲ್ಲ.

ಉಪ್ಪು ತಿಂದವನು ನೀರು ಕುಡಿಯಬೇಕೆಂಬುದು ನಮ್ಮ ಹಿರಿಯರ ನ್ಯಾಯ. ಉಪ್ಪು ಚೆಲ್ಲುವವರು ರಸ್ತೆಯ ಅಧಿಕಾರಿಗಳು, ನೀರು ಹೊಡೆಸಿ ತೊಳೆಸುವವನು ಬಡಪಾಯಿ ಕಾರಿನ ಯಜಮಾನ ಎಂದು ಮೊದಲಿಗೆ ನನಗೆ ಸಿಡುಕು ಬಂದದ್ದುಂಟು; ಆದರೆ ಮಾಘದ ಕೊರೆಯುವ ಚಳಿಯಲ್ಲಿಯೂ ಜ್ಯೇಷ್ಠದ ವೇಗ ತನಗೆ ಬೇಕೇಬೇಕೆಂದು ಹಠ ಹಿಡಿದವನೂ ಆ ಯಜಮಾನನೇ ಆದುದರಿಂದ, ಗಾದೆಯೇನೂ ಸುಳ್ಳಾಗಲಿಲ್ಲ.