ಸಂಬಳವೂ ಸಿಮೆಂಟು, ಷೇರೂ ಸಿಮೆಂಟು?

ಮುಧೋಳ ಅಂದ ಕೂಡಲೇ ಬಹಳ ಜನಕ್ಕೆ ಬಾಗಲಕೋಟೆ ಜಿಲ್ಲೆಯ ಬೇಟೆನಾಯಿ ನೆನಪಾಗುತ್ತೆ. ನಾನು ಹೇಳ್ತಿರೋದು ಆ ಮುಧೋಳ ಅಲ್ಲ. ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕಿನ ಮುಧೋಳ. ಊರ ಸುತ್ತ ತೊಗರಿ ಹೊಲ. ಅತ್ತ ಸೇಡಂ, ಮಳಖೇಡ, ವಾಡಿ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳು, ಶಹಾಬಾದಿನ ಕಲ್ಲುಗಣಿಗಳು. ಈಗ ಮೊಬೈಲ್ ಇದ್ದವರ ಕೈಯಲ್ಲೆಲ್ಲ ಡಿಮ್ಯಾಟ್ ಖಾತೆ ತೆರೆಯೋ ಆ್ಯಪ್ ಇದೆ. ಮೊದಲ ಸಲ ಷೇರು ಕೊಳ್ಳೋನು ತನಗೆ ಗೊತ್ತಿರೋ ಕಂಪನಿ ಹುಡುಕ್ತಾನೆ. ಈ ಸೀಮೆಯಲ್ಲಿ ಗೊತ್ತಿರೋ ಕಂಪನಿ ಅಂದ್ರೆ ಸಿಮೆಂಟ್ ಕಂಪನಿ. ‘ಕಣ್ಣೆದುರೇ ಲಾರಿ ಸಾಲು ನಿಂತಿದೆ, ಇದಕ್ಕಿಂತ ಗ್ಯಾರಂಟಿ ಬೇಕಾ?’ ಅನ್ನೋದು ಅವನ ಲೆಕ್ಕ.

ಈ ಲೆಕ್ಕ ಎಲ್ಲಿ ತಪ್ಪುತ್ತೆ ಅನ್ನೋದಕ್ಕೆ ದೂರದ ಉದಾಹರಣೆ ಬೇಡ. ವಾಡಿಯಲ್ಲಿ ಕಾರ್ಖಾನೆ ಇರುವ ಎಸಿಸಿ ಕಂಪನಿಯ ಕಥೆಯೇ ಸಾಕು. 1991-92ರಲ್ಲಿ ಹರ್ಷದ್ ಮೆಹ್ತಾ ಕಾಲದಲ್ಲಿ ಸುಮಾರು 200 ರೂಪಾಯಿ ಇದ್ದ ಎಸಿಸಿ ಷೇರು ಕೆಲವೇ ತಿಂಗಳಲ್ಲಿ 9,000ದ ಹತ್ತಿರಕ್ಕೆ ಹೋಯಿತು. ಇಂಥ ಕಂಪನಿಯನ್ನು ಇವತ್ತು ಹೊಸದಾಗಿ ಕಟ್ಟಬೇಕಾದರೆ ಎಷ್ಟು ಖರ್ಚಾಗುತ್ತೋ ಅಷ್ಟು ಬೆಲೆ ಷೇರಿಗೂ ಇರಬೇಕು ಅನ್ನೋದು ಮೆಹ್ತಾ ವಾದ. 1992ರ ಏಪ್ರಿಲ್‌ನಲ್ಲಿ ಹಗರಣ ಹೊರಬಿತ್ತು, ಮಾರುಕಟ್ಟೆ ಕುಸಿಯಿತು. ನೋಡಿ, ಷೇರು 45 ಪಟ್ಟು ಏರಿದಾಗ ವಾಡಿಯ ಕಿಲ್ನ್ 45 ಪಟ್ಟು ಸಿಮೆಂಟ್ ಸುಡಲಿಲ್ಲ. ಕಾರ್ಖಾನೆ ಅದೇ, ಬದಲಾಗಿದ್ದು ಬೆಲೆ. ಒಳ್ಳೆಯ ಕಂಪನಿ ಬೇರೆ, ಒಳ್ಳೆಯ ಬೆಲೆಗೆ ಸಿಗೋ ಷೇರು ಬೇರೆ.

ಮೂವತ್ತು ವರ್ಷದ ನಂತರ ಇನ್ನೊಂದು ಪಾಠ. 2022ರ ಸೆಪ್ಟೆಂಬರ್‌ನಲ್ಲಿ ಎಸಿಸಿ ಅದಾನಿ ಸಮೂಹದ ಕೈಗೆ ಬಂತು. 2023ರ ಜನವರಿಯಲ್ಲಿ ಹಿಂಡನ್‌ಬರ್ಗ್ ವರದಿ ಬಂದಾಗ ಆ ಸಮೂಹದ ಉಳಿದ ಷೇರುಗಳ ಜೊತೆ ಎಸಿಸಿಯೂ ಬಿತ್ತು. ವರದಿಯ ಗುರಿ ಸಿಮೆಂಟಿನ ಗುಣಮಟ್ಟ ಆಗಿರಲಿಲ್ಲ. ಗೇಟಿನ ಮುಂದೆ ನಿಂತು ಲಾರಿ ಎಣಿಸೋನಿಗೆ ಇಂಥ ಅಪಾಯ ಕಾಣೋದೇ ಇಲ್ಲ.

ಈಗ ಒಂದು ಮನೆ ಊಹಿಸಿಕೊಳ್ಳಿ. ದೊಡ್ಡ ಮಗ ಕಾರ್ಖಾನೆಯಲ್ಲಿ ಗುತ್ತಿಗೆ ನೌಕರ. ಚಿಕ್ಕವನದು ಸಾಲದ ಮೇಲೆ ತೆಗೆದ ಲಾರಿ, ಅದೂ ಸಿಮೆಂಟ್ ಚೀಲ ಹೊರುತ್ತೆ. ಮುಂದಿನ ಎರಡು ಕೋಣೆ ಬಾಡಿಗೆಗೆ ಇದೆ, ಬಾಡಿಗೆದಾರರು ಅದೇ ಕಾರ್ಖಾನೆಯವರು. ಉಳಿದ ದುಡ್ಡಲ್ಲಿ ಸಿಮೆಂಟ್ ಷೇರು. ಕಾಗದದ ಮೇಲೆ ನಾಲ್ಕು ಆದಾಯ, ಆದರೆ ಬೇರು ಒಂದೇ. ಗಣೇಶ ಹಬ್ಬದ ಹಳೇ ಸೀರಿಯಲ್ ಸೆಟ್ ಇದ್ದ ಹಾಗೆ: ಒಂದು ಬಲ್ಬ್ ಹೋದರೆ ಇಡೀ ಸರ ಕತ್ತಲೆ. ಶಹಾಬಾದಿನ ಹಳೆಯ ಸಿಮೆಂಟ್ ಕಾರ್ಖಾನೆ ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆ ಹೋದರೆ ಹೋಗೋದು ಸಂಬಳ ಒಂದೇ ಅಲ್ಲ. ಬಾಡಿಗೆ, ಅಂಗಡಿ ವ್ಯಾಪಾರ, ಸೈಟಿನ ಬೆಲೆ ಎಲ್ಲಕ್ಕೂ ಪೆಟ್ಟು.

ಪೋರ್ಟ್‌ಫೋಲಿಯೊ ಅನ್ನೋ ಪದದ ತಿರುಳು ಇಷ್ಟೇ. 1952ರಲ್ಲಿ ಅಮೆರಿಕದ ಹ್ಯಾರಿ ಮಾರ್ಕೊವಿಟ್ಜ್ ಒಂದು ಪ್ರಬಂಧ ಬರೆದರು, ಆ ಕೆಲಸಕ್ಕೆ 1990ರಲ್ಲಿ ನೊಬೆಲ್ ಬಂತು. ಅವರು ಹೇಳಿದ್ದು: ಒಂದೊಂದು ಹೂಡಿಕೆಯನ್ನು ಬಿಡಿಬಿಡಿಯಾಗಿ ಅಳೆಯಬೇಡಿ, ಒಂದು ಬಿದ್ದಾಗ ಇನ್ನೊಂದೂ ಬೀಳುತ್ತಾ ಅಂತ ನೋಡಿ. ನಮ್ಮ ರೈತ ತೊಗರಿ ಸಾಲಿನ ನಡುವೆ ಹೆಸರು, ಉದ್ದು ಹಾಕೋದು ಇದೇ ಲೆಕ್ಕದಲ್ಲಿ. ಹೆಸರು ಬೇಗ ಕೈಗೆ ಬಂದು ಮನೆ ಖರ್ಚಿಗಾಗುತ್ತೆ. 2022ರಲ್ಲಿ ಬಂದ ಹಾಗೆ ತೊಗರಿಗೆ ನೆಟೆ ರೋಗ ಬಂದರೂ ವರ್ಷದ ದುಡಿಮೆ ಪೂರ್ತಿ ಹೋಗಲ್ಲ. ಆದರೆ ಮಳೆಯೇ ಕೈಕೊಟ್ಟರೆ ಮೂರೂ ಒಣಗುತ್ತವೆ. ಹಾಗಾಗಿ ಎಷ್ಟು ಕಡೆ ಹಾಕಿದ್ದೀರಿ ಅನ್ನೋದಕ್ಕಿಂತ, ಅವು ಬೇರೆ ಬೇರೆ ಕಾರಣಕ್ಕೆ ಏಳ್ತವಾ, ಬೀಳ್ತವಾ ಅನ್ನೋದು ಮುಖ್ಯ. ಐದು ಸಿಮೆಂಟ್ ಕಂಪನಿಯ ಷೇರು ಇಟ್ಟುಕೊಂಡವನು ಹಂಚಿ ಹಾಕಿದ ಹಾಗಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ಮೊದಲು ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ದುಡಿಯೋ ಮನುಷ್ಯನಿಗೆ ಜೀವವಿಮೆ, ಮನೆಮಂದಿಗೆಲ್ಲ ಆರೋಗ್ಯ ವಿಮೆ. ದುಬಾರಿ ಬಡ್ಡಿಯ ಕೈಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 36, ಅಷ್ಟನ್ನು ಪ್ರತಿ ವರ್ಷ ತಪ್ಪದೆ ಕೊಡೋ ಹೂಡಿಕೆ ಯಾವುದೂ ಇಲ್ಲ. ಕಾಯಂ ನೌಕರರು ಒಂದು ಮರೀತಾರೆ: ನಿಮ್ಮ ಪಿಎಫ್ ಕೂಡ ಹೂಡಿಕೆಯೇ. 2023-24ಕ್ಕೆ ಅದರ ಬಡ್ಡಿ ಶೇ. 8.25. ಹಾಗಾಗಿ ಸುರಕ್ಷಿತ ಪಾಲು ಎಷ್ಟೋ ಮನೆಗಳಲ್ಲಿ ಆಗಲೇ ಇದೆ.

ಐದಾರು ವರ್ಷ ಮುಟ್ಟೋ ಅಗತ್ಯವಿಲ್ಲದ ದುಡ್ಡು ಮಾತ್ರ ಷೇರಿಗೆ. ನಿಫ್ಟಿಯ ಐವತ್ತು ಕಂಪನಿಗಳಲ್ಲೂ ಹಾಕುವ ಇಂಡೆಕ್ಸ್ ಫಂಡ್ ಇದ್ದರೆ ಬ್ಯಾಂಕು, ಔಷಧಿ, ಸಾಫ್ಟ್‌ವೇರ್ ಎಲ್ಲದರಲ್ಲೂ ಚೂರು ಚೂರು ಪಾಲು ಸಿಗುತ್ತೆ. ಅದೂ ಬೀಳುತ್ತೆ. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್‌ನಲ್ಲಿ 8,000ಕ್ಕಿಂತ ಕೆಳಗೆ ಬಂದಿತ್ತು. ಮಗಳ ಮದುವೆಗೆ ಇಟ್ಟ ದುಡ್ಡು ಅಲ್ಲಿದ್ದವರಿಗೆ ನಷ್ಟ. ಕಾಯೋಕೆ ಆದವರಿಗೆ ವರ್ಷ ಮುಗಿಯೋದರೊಳಗೆ ವಾಪಸ್ ಬಂತು.

ವರ್ಷಕ್ಕೊಮ್ಮೆ ತೂಕ ಸರಿಮಾಡಿ. 1 ಲಕ್ಷದಲ್ಲಿ 60 ಸಾವಿರ ಷೇರು, 40 ಸಾವಿರ ಠೇವಣಿ ಇತ್ತು ಅಂದ್ಕೊಳ್ಳಿ. ಷೇರು ಶೇ. 30 ಬಿದ್ದರೆ 42 ಸಾವಿರ ಉಳಿಯುತ್ತೆ, ಒಟ್ಟು 82 ಸಾವಿರ. ಅದರ ಶೇ. 60 ಅಂದರೆ 49,200. ಠೇವಣಿಯಿಂದ 7,200 ರೂಪಾಯಿ ಷೇರಿಗೆ ಹಾಕಿ. ಷೇರು ಜೋರಾಗಿ ಏರಿದ ವರ್ಷ ಇದರ ಉಲ್ಟಾ. ಭಯ, ಆಸೆ ಎರಡನ್ನೂ ಬದಿಗಿಟ್ಟು ಲೆಕ್ಕ ಹೇಳಿದ್ದನ್ನು ಮಾಡೋದು ಅಷ್ಟೆ.

ಆ್ಯಪ್ ತೆರೆಯೋ ಮೊದಲು ಒಂದು ಹಾಳೆ ತಗೊಳ್ಳಿ. ‘ಸಿಮೆಂಟು’, ‘ಮಳೆ’, ‘ಬೇರೆ’ ಅಂತ ಮೂರು ಕಂಬ ಎಳೆಯಿರಿ. ಸಂಬಳ, ಬಾಡಿಗೆ, ಹೊಲ, ಲಾರಿ, ಪಿಎಫ್, ಬಂಗಾರ ಎಲ್ಲವನ್ನೂ ಅದರಲ್ಲಿ ಹಂಚಿ. ಮೂರನೇ ಕಂಬ ಖಾಲಿ ಕಂಡರೆ ಮುಂದಿನ ತಿಂಗಳ ಉಳಿತಾಯ ಅಲ್ಲಿಗೇ ಹೋಗಬೇಕು.