ಅತಿಕ್ರೀತವಾದ ಷೇರು

ವೃತ್ತಪತ್ರಿಕೆಗಳ ವಾಣಿಜ್ಯಪುಟದಲ್ಲಿ ‘ಈ ಷೇರು ಓವರ್‌ಬಾಟ್ ಆಗಿದೆ’ ಎಂಬ ಮಾತನ್ನು ವಾಚಕರು ಕಂಡಿರಬಹುದು. ಅತಿಯಾಗಿ ಕೊಳ್ಳಲ್ಪಟ್ಟದ್ದು ಎಂದು ಇದರ ಶಬ್ದಾರ್ಥ, ಸಂಸ್ಕೃತದಲ್ಲಿ ‘ಅತಿಕ್ರೀತ’ವೆನ್ನಬಹುದು. ಆದರೆ ಶಬ್ದಾರ್ಥವನ್ನೇ ಹಿಡಿದು ಹೊರಟರೆ ತೊಡಕೊಂದು ಎದುರಾಗುತ್ತದೆ. ಒಬ್ಬನು ಕೊಂಡ ಪ್ರತಿಯೊಂದು ಷೇರನ್ನೂ ಮತ್ತೊಬ್ಬನು ಮಾರಿಯೇ ಇರಬೇಕಷ್ಟೆ. ಕ್ರಯವೂ ವಿಕ್ರಯವೂ ಯಾವಾಗಲೂ ಸಮ. ಹೀಗಿರಲು ಅತಿಯಾದುದು ಯಾವುದು? ಕೊಳ್ಳುವವರ ಆತುರ. ಆ ಆತುರದಿಂದ ಬೆಲೆಯು ಅಲ್ಪಕಾಲದಲ್ಲಿಯೇ ಬಹು ವೇಗವಾಗಿ ಏರಿತೆಂಬುದು ಈ ಮಾತಿನ ತಾತ್ಪರ್ಯ.

ಆ ವೇಗವನ್ನು ಅಳೆಯುವ ಮಾನವೊಂದನ್ನು ಅಮೆರಿಕದ ವೆಲ್ಸ್ ವೈಲ್ಡರ್ ಎಂಬವರು 1978ರಲ್ಲಿ ಪ್ರಕಟಿಸಿದರು. 14 ದಿನಗಳ ಏರಿಕೆಯ ಸರಾಸರಿಯನ್ನು ಇಳಿಕೆಯ ಸರಾಸರಿಯೊಡನೆ ಹೋಲಿಸಿ, 0ಯಿಂದ 100ರವರೆಗಿನ ಒಂದು ಅಂಕವನ್ನು ಪಡೆಯುವುದು ಅದರ ಕ್ರಮ. ಏರಿಕೆಯ ಸರಾಸರಿ 3 ರೂಪಾಯಿ, ಇಳಿಕೆಯದು 1 ರೂಪಾಯಿಯಾದರೆ ಅಂಕವು 75. ಅಂಕವು 70ನ್ನು ಮೀರಿದರೆ ಅತಿಕ್ರೀತ, 30ಕ್ಕಿಂತ ಇಳಿದರೆ ಅತಿವಿಕ್ರೀತವೆಂಬುದು ರೂಢಿ. ಈ ಲೆಕ್ಕದಲ್ಲಿ ಕಂಪನಿಯ ಲಾಭಕ್ಕಾಗಲಿ ಸಾಲಕ್ಕಾಗಲಿ ಎಡೆಯಿಲ್ಲ. ಅದು ಎತ್ತು ಓಡುವ ವೇಗವನ್ನು ತಿಳಿಸುವುದೇ ಹೊರತು, ಗಾಡಿ ಸೇರುವ ಊರನ್ನಲ್ಲ. ಅಂಕವು ಹಲವು ವಾರಗಳವರೆಗೆ 70ರ ಮೇಲೆಯೇ ನಿಲ್ಲುವುದೂ ಉಂಟು.

ಆತುರದ ಫಲವೇನೆಂಬುದಕ್ಕೆ ಮುಂಬಯಿಯ ಹಳೆಯ ವೃತ್ತಾಂತವೇ ಸಾಕ್ಷಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಮೊದಲಾಗಿ, ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬರುವುದು ಬಹುಮಟ್ಟಿಗೆ ನಿಂತಿತು. ಭಾರತದ ಹತ್ತಿಗೆ ಚಿನ್ನದ ಬೆಲೆ ಬಂದು, ಆ ಹಣವು ಮುಂಬಯಿಯ ಷೇರುಗಳ ಮೇಲೆ ಹರಿಯಿತು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000ವನ್ನು ಮುಟ್ಟಿತು. ಬೆಲೆ ಇಮ್ಮಡಿಸಿದಾಗಲೇ ‘ಅತಿಯಾಯಿತು’ ಎಂದವನು ಆಗ ಮೂರ್ಖನೆನಿಸಿರಬೇಕು. ಆದರೆ 1865ರಲ್ಲಿ ಯುದ್ಧವು ಮುಗಿಯಲು ಹತ್ತಿಯ ಬೆಲೆ ಕುಸಿಯಿತು. ಆ ವರ್ಷದ ಜುಲೈ 1ರಂದು ವಾಯಿದೆಗಳ ಹಣ ಸಲ್ಲಿಸಲಾರದೆ ಅನೇಕರು ದಿವಾಳಿಯಾದರು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87ಕ್ಕೆ ಇಳಿಯಿತು.

ಆದಕಾರಣ ಅತಿಕ್ರೀತವೆಂಬ ಮಾತು ‘ಈಗಲೇ ಮಾರು’ ಎಂಬ ವಿಧಿಯಲ್ಲ. ‘ನಿಂತು ವಿಚಾರಿಸು’ ಎಂಬ ಎಚ್ಚರಿಕೆಯೆಂದು ನಮ್ಮ ಮತ. ಏರಿಕೆಗೆ ಕಾರಣವೇನು? ಆ ಕಾರಣವು ನಿಲ್ಲತಕ್ಕದ್ದೆ? ಬೆಲೆ ಇಳಿದರೆ ವರ್ಷಗಟ್ಟಲೆ ಕಾಯುವ ಶಕ್ತಿ ನಮಗುಂಟೆ? ಈ ಮೂರಕ್ಕೂ ಉತ್ತರ ದೊರೆಯುವವರೆಗೆ ಗೃಹಸ್ಥನು ಹೊಸದಾಗಿ ಕೊಳ್ಳದಿರುವುದು ಲೇಸು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಹಣವನ್ನಾಗಲಿ, ಸಾಲ ತಂದ ಹಣವನ್ನಾಗಲಿ ಪರರ ಆತುರದ ಬೆನ್ನಿಗೆ ಕಟ್ಟಬಾರದು.